ಇಬ್ಬರೂ ಹಿಡಿದರೆ ತಣ್ಣಗಾಗುವ ಕಲ್ಲು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಎಂಟರ ಹೊತ್ತಿಗೆ, ಕಾರವಾರದ ಒಂದು ಸಣ್ಣ ಪ್ರಯೋಗಾಲಯದಲ್ಲಿ, ಬೀರಣ್ಣ ಅಂಗೈ ಚಾಚಿದರು. ಡಾ. ಅನ್ವಿತಾ ಅದರ ಮೇಲೆ ನೆಲ್ಲಿಕಾಯಿ ಗಾತ್ರದ ಕಲ್ಲೊಂದನ್ನಿಟ್ಟರು. ಕಲ್ಲು ಬೆಚ್ಚಗಾಯಿತು. ಜೊತೆಗೆ ಬಂದಿದ್ದ ಅಂತೋನ ಹಿಡಿದಾಗಲೂ ಬೆಚ್ಚಗೇ ಇತ್ತು. ಇಬ್ಬರೂ ಸೇರಿ ಹಿಡಿದು ನಾಲ್ಕು ಮಾತಾಡಿದರೋ ಇಲ್ಲವೋ, ಬಾವಿಯ ನೀರಿನ ಹಾಗೆ ತಣ್ಣಗಾಯಿತು.

ಗಡಿಗಲ್ಲು ಎಂದು ಅದರ ಹೆಸರು. ಕಲ್ಲೇನಲ್ಲ, ಯಂತ್ರ. ಎಲ್ಲ ದೇಶಗಳ ಕಾನೂನು, ಕೋರ್ಟುಗಳ ತೀರ್ಪು, ಹೋಗಿಬಂದವರ ಅನುಭವ ಅದರೊಳಗೆ ತುಂಬಿತ್ತು. ಗಂಡು ಗಂಡಿನ ಜೊತೆ, ಹೆಣ್ಣು ಹೆಣ್ಣಿನ ಜೊತೆ ಬಾಳುವವರಿಗೆ ಯಾವ ದೇಶದಲ್ಲಿ ಜೈಲು, ಯಾವ ಬೀದಿಯಲ್ಲಿ ಹೊಡೆತ ಎಂದು ಅಳೆದು ಹೇಳುತ್ತಿತ್ತು. ಹೋಗಬೇಕಾದ ದೇಶವನ್ನು ಗೊತ್ತುಮಾಡಿ ಹಿಡಿದಾಗ ಬೆಚ್ಚಗಿದ್ದರೆ ಹೋಗಬಹುದು. ತಣ್ಣಗಾದರೆ ಬೇಡ. ಅನ್ವಿತಾ ಅದನ್ನು ಕಂಡುಹಿಡಿದ ಮೇಲೆ ಎಷ್ಟೋ ಜನರ ಜೀವ ಉಳಿದಿತ್ತು.

ಬೀರಣ್ಣ ಹಡಗಿನಲ್ಲಿ ಅಡುಗೆಯವರಾಗಿದ್ದವರು, ಅಂತೋನ ಅದೇ ಹಡಗಿನ ಎಂಜಿನ್ನಿನವರು. ಕಡಲು ಬಿಟ್ಟ ಮೇಲೆ ಇಬ್ಬರೂ ಕಾರವಾರದ ಕೋಡಿಬಾಗದಲ್ಲಿ ಖಾನಾವಳಿ ಇಟ್ಟು ಒಂದೇ ಮನೆಯಲ್ಲಿ ಬಾಳಿದರು. ಈಗ ಅಂತೋನರ ಶ್ವಾಸಕೋಶ ಕೆಟ್ಟಿತ್ತು. ಅವರದೇ ಜೀವಕೋಶಗಳಿಂದ ಹೊಸದೊಂದನ್ನು ಬೆಳೆಸಿ ಕೂರಿಸುವ ಆಸ್ಪತ್ರೆ ಇದ್ದದ್ದು ಒಂದೇ ದೇಶದಲ್ಲಿ. ಇಂಥ ಜೋಡಿಗಳನ್ನು ಜೈಲಿಗೆ ಹಾಕುವ ದೇಶ ಅದು.

"ನಾವು ಎಂತದೂ ಹೇಳ್ಲಿಲ್ಲ. ಇದಕ್ಕೆ ಹೆಂಗೆ ಗೊತ್ತಾಯ್ತು?" ಎಂದರು ಬೀರಣ್ಣ.

"ನೀವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯೋದಿಲ್ಲ," ಎಂದರು ಅನ್ವಿತಾ.

ಅಲ್ಲಿನ ವಿಮಾನ ನಿಲ್ದಾಣದಲ್ಲಿ ಮಾತು ಕೇಳಿಯೇ ಸಂಬಂಧ ಊಹಿಸುವ ಯಂತ್ರವಿತ್ತು. ಅದು ಕೇಳುವ ಹಾಗೆಯೇ ಕಲ್ಲೂ ಮಾತು ಕೇಳಿ ಅಳೆಯುತ್ತಿತ್ತು. ಬೀರಣ್ಣನ ತಾಯಿ ಬದುಕಿರುವ ತನಕ ಗಂಡನ ಹೆಸರು ಹೇಳಿದವರಲ್ಲ. ಅಂತೋನರ ಜೊತೆ ಒಲೆ ಹೂಡಿದ ದಿನದಿಂದ ಬೀರಣ್ಣನೂ ಅವರ ಹೆಸರು ಬಿಟ್ಟರು. ಮೊದಮೊದಲು ತಮಾಷೆಗೆ. "ನಿನ್ನ ಆಯಿಗಿಂತ ನೀನೇ ಜೋರು," ಎಂದು ಅಂತೋನ ಹಂಗಿಸುತ್ತಿದ್ದರು. ಆಮೇಲೆ ಅವರಿಗೂ ಅದೇ ರೂಢಿಯಾಯಿತು.

ಗೆಳೆಯರ ಹಾಗೆ ಹೆಸರು ಕರೆದು ರೂಢಿ ಮಾಡಿಕೊಳ್ಳಿ ಎಂದು ಅನ್ವಿತಾ ಕಳಿಸಿದರು. ಅಂತೋನ ಬೇಗ ಕಲಿತರು. "ಬೀರಣ್ಣ, ಚಾ ತಾ" ಎಂದು ಖಾನಾವಳಿಯಲ್ಲಿ ಕೂಗಿದರೆ ಊಟಕ್ಕೆ ಕೂತವರು ನಗುತ್ತಿದ್ದರು. ಬೀರಣ್ಣನಿಗೆ ಮಾತ್ರ ನಾಲಿಗೆ ಹೊರಳಲಿಲ್ಲ. ಮತ್ತೆ ಪ್ರಯೋಗಾಲಯಕ್ಕೆ ಬಂದು ಇಬ್ಬರೂ ಕಲ್ಲು ಹಿಡಿದು ಕೂತಾಗ ಅವರು ಅನ್ವಿತಾರ ಕಡೆ ತಿರುಗಿ ಹೇಳಿದ್ದಿಷ್ಟೇ: "ಇವ್ರಿಗೆ ಗಾಳಿ ತಾಗ್ತದೆ, ಕಿಟಕಿ ಹಾಕಿ."

ಕಲ್ಲು ತಣ್ಣಗಾಯಿತು. ಅಂತೋನ ಕೆಮ್ಮು ಬರುವ ತನಕ ನಕ್ಕರು. "ಬಿಡು, ನಿಂಗೆ ಇದು ಆಗೂದಲ್ಲ. ನಾ ಒಬ್ನೇ ಹೋಗ್ತೆ."

ಹೋದರು. ಅಲ್ಲಿಂದ ಫೋನು ಮಾಡಿದಾಗ, ಯಾರಾದರೂ ಕೇಳಿಸಿಕೊಂಡಾರು ಎಂದು, ಖಾನಾವಳಿಯ ಗಿರಾಕಿಯಂತೆ ಬಂಗಡೆಯ ಸುದ್ದಿ ವಿಚಾರಿಸುತ್ತಿದ್ದರು. ಶಸ್ತ್ರಚಿಕಿತ್ಸೆಯ ನಂತರ ಹೊಸ ಶ್ವಾಸಕೋಶ ಸರಿಯಾಗಿ ಕೆಲಸ ಹಿಡಿಯಲಿಲ್ಲ. ಆ ದಿನದ ಫೋನಿನಲ್ಲಿ ಮೀನಿನ ಮಾತು ಬರಲಿಲ್ಲ. "ನಿಮ್ಮವ್ರು ಯಾರು ಅಂತ ಕೇಳಿದ್ರು. ಯಾರೂ ಇಲ್ಲ ಅಂದೆ," ಎಂದಷ್ಟೇ ಹೇಳಿ ಇಟ್ಟರು.

ಬೀರಣ್ಣ ಪ್ರಯೋಗಾಲಯಕ್ಕೆ ಬಂದಾಗ ಅನ್ವಿತಾ ಸುದ್ದಿಯೊಂದನ್ನು ಓದುತ್ತ ಕೂತಿದ್ದರು. ಆ ದೇಶದ ಸರ್ಕಾರ ಹೇಳಿತ್ತು: ಈಚಿನ ವರ್ಷಗಳಲ್ಲಿ ಇಂಥ ಒಂದು ಜೋಡಿಯೂ ಸಿಕ್ಕಿಬಿದ್ದಿಲ್ಲ, ಅಂಥವರು ಇಲ್ಲಿಗೆ ಬರುವುದೇ ಇಲ್ಲ, ಯಾರಿಗೂ ತೊಂದರೆಯಿಲ್ಲದ ಕಾನೂನನ್ನು ಬದಲಿಸುವುದೇಕೆ? ತಮ್ಮ ಕಲ್ಲು ಜೀವ ಉಳಿಸುತ್ತ ಉಳಿಸುತ್ತ ಜನರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಕಳಿಸಿದೆ ಎಂದು ಅವರಿಗೆ ಆಗ ಹೊಳೆಯಿತು.

ಅನ್ವಿತಾ ಹೇಳಿದ್ದನ್ನೆಲ್ಲ ಬೀರಣ್ಣ ಕೇಳಿಸಿಕೊಂಡರು.

"ನಮ್ಮಲ್ಲಿ ಆ ಕಾನೂನು ಹೋದಾಗ ನಂಗೆ ಇಪ್ಪತ್ತು ವರ್ಷ. ಯಾರ್ಯಾರೋ ತಮ್ಮ ಹೆಸರು ಹೇಳ್ಕಂಡು ಕೋರ್ಟಿಗೆ ಹೋಗಿದ್ರು. ಅವ್ರ ಕೈಲಿ ಈ ಕಲ್ಲು ಇದ್ದಿದ್ರೆ ಹೋಗ್ತಿದ್ರನ್ರಾ, ಅಮಾ?"

ಬೀರಣ್ಣ ತಾವೂ ಅಲ್ಲಿಗೆ ಹೊರಟಿದ್ದಾರೆಂದು ಅನ್ವಿತಾರಿಗೆ ತಿಳಿಯಿತು. ಹೋಗಬೇಡಿ ಎಂದು ಬೇಡಿಕೊಂಡರು.

"ಅವ್ರು ನಿಮ್ಗೆ ಏನಾಗ್ಬೇಕು ಅಂತ ಅಲ್ಲಿ ಕೇಳ್ತ್ರು. ಹೇಳೂಕೆ ಒಬ್ರಾದ್ರೂ ಬೇಕಲ್ಲ," ಎಂದು ಬೀರಣ್ಣ ಎದ್ದರು.

ಖಾನಾವಳಿಯ ಒಲೆ ಆರಿಸಿ, ಬುಧವಾರ ಬೆಳಿಗ್ಗೆ ಅವರು ಹೊರಟರು. ಕಳಿಸಿಕೊಡಲು ಯಾರೂ ಇರಲಿಲ್ಲ.