ಕಾರ್ಖಾನೆಯದಲ್ಲದ ಮರ

"ನಿಮಗೆ ಕಣ್ಣು ಕಾಣಲ್ವಾ?"

ಶೂಟಿಂಗ್ ಕ್ಲಬ್ಬಿನ ಕೋವಿ ಕೋಣೆಯಲ್ಲಿ, ಕೋವಿ ಪರೀಕ್ಷಿಸುವ ಅವಳಿಗೆ ಇಂಥ ಮಾತು ಆಡಿದವರೇ ಇರಲಿಲ್ಲ. ಅದೂ ಈ ದನದ ಡಾಕ್ಟರ್ ಬಾಯಿಂದ! ಚಳಿ ಶುರುವಾದಾಗಿನಿಂದ ಏನಾದರೊಂದು ನೆಪ ಹಿಡಿದು ಅವಳ ಬಾಗಿಲಲ್ಲಿ ನಿಲ್ಲುತ್ತಿದ್ದವನು ಇವನು. ಒಂದು ದಿನ ಕೋವಿಗೆ ಯಾವ ಎಣ್ಣೆ ಒಳ್ಳೇದು ಎಂದು, ಇನ್ನೊಂದು ದಿನ ಬರೀ "ಕಾಫಿ ಆಯ್ತಾ?" ಎಂದು. ಅವನು ಬಂದುಹೋದ ಮೇಲೆ ಅವಳು ಸುಮ್ಮಸುಮ್ಮನೆ ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದಳು.

ಈಗ ಅದೇ ಬಾಗಿಲಲ್ಲಿ ಕಾರ್ಯದರ್ಶಿ, ಶೂಟರುಗಳು ಎಲ್ಲರೂ ಕತ್ತು ಚಾಚಿ ನಿಂತಿದ್ದರು.

ಭಾನುವಾರ ಹಳೇ ಕೋವಿಗಳ ಸ್ಕೀಟ್ ಸ್ಪರ್ಧೆ. ಎರಡು ಗೂಡುಗಳಿಂದ ಚಿಮ್ಮುವ ಮಣ್ಣಿನ ಬಿಲ್ಲೆಗಳನ್ನು ಗಾಳಿಯಲ್ಲೇ ಒಡೆಯಬೇಕು. ಕಾರ್ಖಾನೆಯಿಂದ ಬಂದ ರೂಪದಲ್ಲೇ ಇರುವ ಜೋಡುನಳಿಗೆ ಕೋವಿಗಷ್ಟೇ ಪ್ರವೇಶ. ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿದ್ದು ಎಂದು ತೀರ್ಮಾನಿಸುವವಳು ಅವಳು.

"ಕಣ್ಣು ಕಾಣೋದ್ರಿಂದಲೇ ಹೇಳ್ತಿದೀನಿ," ಎಂದಳು. ಕೋವಿಯನ್ನು ಅವನತ್ತ ತಿರುಗಿಸಿ ಹಿಡಿದಳು. "ನಳಿಗೆ ಮೂಲದ್ದೇ. ಅಕ್ಷರಗಳ ಅಂಚು ಇನ್ನೂ ಚೂಪಾಗಿದೆ, ಯಾರೂ ಉಜ್ಜಿ ಹೊಸ ಬಣ್ಣ ಕೊಟ್ಟಿಲ್ಲ. ಅದರ ಬಾಯಿ ಕತ್ತರಿಸಿ ಗಿಡ್ಡ ಮಾಡಿಲ್ಲ. ನಂಬರು ಎಲ್ಲಾ ಕಡೆ ಒಂದೇ. ಆದ್ರೆ ಭುಜಕ್ಕೆ ಆನಿಸೋ ಈ ಮರ ಕಾರ್ಖಾನೆಯದಲ್ಲ. ಮುಟ್ಟಿ ನೋಡಿ. ಕಾರ್ಖಾನೆಯವರು ಮರಾನ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರ ಬಿಟ್ಟಿರ್ತಾರೆ. ಇದು ಸಮಸಮ ಇದೆ. ಹಿಡಿಯ ಮೇಲಿನ ಗೀರುಗಳೂ ನಳಿಗೆ ಕೆಳಗಿನ ಮುಂದಿನ ಮರದ ಗೀರುಗಳಿಗಿಂತ ಒತ್ತಾಗಿವೆ. ಬೇರೆ ಕೈ."

"ಇದು ನಮ್ಮ ಸೋದರತ್ತೆ ಕೋವಿ. ಹೊಸದಾಗಿ ಬಂದಾಗಿಂದ ಅವರು ಬಿಟ್ಟು ಬೇರೆ ಯಾರೂ ಮುಟ್ಟಿಲ್ಲ. ಅವರು ಸುಳ್ಳು ಹೇಳ್ತಾರಾ? ಕಣ್ಣು ಪೂರ್ತಿ ಮಂಜಾಗೋ ಮುಂಚೆ ಇದು ನನ್ನ ಕೈಲಿ ಒಂದ್ಸಲ ಮೈದಾನಕ್ಕೆ ಇಳಿಯೋದು ನೋಡ್ಬೇಕಂತೆ. ನಿಮಗೆ ಕೂದಲೆಳೆಯ ಲೆಕ್ಕ!"

ಕಾರ್ಯದರ್ಶಿ ಮೆಲ್ಲಗೆ ಗೊಣಗಿದರು, "ಅವರತ್ತೆ ಹಳೇ ಚಾಂಪಿಯನ್ನು ಕಣಮ್ಮ. ಸ್ವಲ್ಪ ನೋಡಿಕೊಂಡು..."

"ನೋಡಿಕೊಂಡಾಯ್ತು ಸಾರ್. ಇದು ಒಳಗೆ ಹೋಗೋದಾದ್ರೆ ನಾನು ಹೊರಗೆ ಹೋಗ್ತೀನಿ."

ಕೋವಿಯನ್ನು ಪೆಟ್ಟಿಗೆಯಲ್ಲಿಟ್ಟು ಅವನ ಕಡೆ ತಳ್ಳಿದಳು. ಅವನು ಅದನ್ನೆತ್ತಿಕೊಂಡು ಹೋದ. ಅವಳಿಗೆ ಕೆಲಸದಲ್ಲಿ ಕೈ ಓಡಲಿಲ್ಲ. ಅವನ ಮೇಲೆ ಕೋಪ, ಅವನಿಗಾಗಿ ಜಡೆ ಹೆಣೆದುಕೊಂಡ ತನ್ನ ಮೇಲೆ ಅದಕ್ಕಿಂತ ಕೋಪ.

ಮರುದಿನ ಬೆಳಗ್ಗೆ ಅತ್ತೆಯೇ ಬಂದರು. ದಪ್ಪ ಕನ್ನಡಕ, ನೆಟ್ಟಗಿನ ಬೆನ್ನು. ಹಿಂದೆ ಪೆಟ್ಟಿಗೆ ಹೊತ್ತು, ಮುಖ ಇಷ್ಟೇ ಇಷ್ಟು ಮಾಡಿಕೊಂಡ ಡಾಕ್ಟರು.

"ಮರ ಬದಲಾಗಿದೆ ಅಂದವಳು ನೀನೇನಮ್ಮ?"

"ಹೌದು. ಅದನ್ನೇ ಈಗಲೂ ಹೇಳ್ತೀನಿ."

"ಹೇಳು, ಹೇಳು! ಸರಿಯಾಗೇ ಹೇಳಿದೀಯ." ಅತ್ತೆ ಕುರ್ಚಿಯಲ್ಲಿ ಧೊಪ್ಪನೆ ಕೂತರು. "ಒಂದು ಫೈನಲ್‌ನಲ್ಲಿ ಕೊನೇ ಬಿಲ್ಲೆ ತಪ್ತು. ಸಿಟ್ಟು ನೆತ್ತಿಗೇರಿ ಖಾಲಿ ಕೋವೀನ ಮೆಟ್ಟಿಲಿಗೆ ಅಪ್ಪಳಿಸಿದೆ. ಮರ ಎರಡು ಹೋಳು. ನನ್ನ ಸೋಲಿಸಿದವರೇ ಮನೆಗೆ ಬಂದು ಅಳತೆ ತಗೊಂಡು ಹೊಸದು ಕೆತ್ತಿಕೊಟ್ರು. ಬಾಗಿಲಲ್ಲೇ ಬೈದು ಕಳಿಸಿದ್ದೆ. ಮತ್ತೆ ಬಂದ್ರು. ಕೊನೆಗೆ ಅವರನ್ನೇ ಕಟ್ಕೊಂಡೆ."

"ಮಾವ ಮಾಡಿದ್ದಾ?" ಡಾಕ್ಟರು ಬಾಯಿ ಬಿಟ್ಟ. "ಮತ್ತೆ ಎಲ್ಲಾ ಕಾರ್ಖಾನೆಯದೇ ಅಂತಿದ್ರಿ!"

"ಮರ್ಯಾದೆ ಪ್ರಶ್ನೆ ಕಣೋ! ಕೋವಿ ಮುರಿದವಳು ಅಂತ ಹೇಳ್ಕೊಂಡು ತಿರುಗ್ಲಾ? ನೀನು ಹೋಗಿ ಊರೆಲ್ಲ ಕೇಳೋ ಹಾಗೆ ಜಗಳ ಆಡ್ತೀಯ ಅಂತ ಕನಸು ಬಿದ್ದಿತ್ತಾ ನನಗೆ?" ಅತ್ತೆ ಎದ್ದರು. "ಕ್ಷಮೆ ಕೇಳು. ಈ ಹುಡುಗಿ ಹೆಸರು ಊಟಕ್ಕೊಂದ್ಸಲ ಎತ್ತೋನಿಗೆ ಈಗೇನು ನಾಲಿಗೆ ಬಿದ್ದುಹೋಯ್ತಾ? ನಾನು ಹೊರಗೆ ಕೂತಿರ್ತೀನಿ."

ಬಾಗಿಲು ಮುಚ್ಚಿತು. ಅವನ ಕಿವಿ ಕೆಂಪಾಗಿತ್ತು. ಅವಳು ನೋಡಿದಳು, ನೋಡಬಾರದೆಂದು ಮೇಜಿನತ್ತ ತಿರುಗಿದಳು.

"ತಪ್ಪಾಯ್ತು," ಎಂದ.

"ನನ್ನ ಕೆಲಸಾನ ಎಲ್ಲರ ಮುಂದೆ ಕಾಲಕಸ ಮಾಡಿದ್ರಿ. ಈಗ ಬಾಗಿಲು ಹಾಕ್ಕೊಂಡು ತಪ್ಪಾಯ್ತಾ?"

"ಹೊರಗೂ ಹೇಳ್ತೀನಿ."

"ಹೇಳಿ. ಆಮೇಲೂ ನನ್ನ ಕೋಪ ಹೋಗಲ್ಲ."

"ಹೋಗ್ದೇ ಇದ್ರೆ ಬೇಡ. ದಿನಾ ಬೈರಿ. ನಿನ್ನೆ ಕೋವಿ ಹೋಯ್ತು ಅಂತ ನನಗೆ ಅಷ್ಟು ಬೇಜಾರಾಗಲಿಲ್ಲ. ಇನ್ನು ಈ ಬಾಗಿಲಿಗೆ ಬರೋ ಹಾಗಿಲ್ಲವಲ್ಲ ಅಂತ ನಿದ್ದೆ ಬರಲಿಲ್ಲ." ಅವನು ಒಂದು ಹೆಜ್ಜೆ ಮುಂದೆ ಬಂದ. "ನನಗೆ ನೀವು ಬೇಕು ಕಣ್ರೀ."

ಅವಳ ಎದೆ ಡವಡವ ಎಂದಿತು. ಅದಕ್ಕೂ ಸಿಟ್ಟು ಬಂತು.

"ಇದನ್ನೂ ಎಲ್ಲರ ಮುಂದೆ ಹೇಳೋ ಧೈರ್ಯ ಇದ್ರೆ ಹೇಳಿ!"

ಅವನು ಸರ್ರನೆ ಬಾಗಿಲು ತೆಗೆದು ಹೊರಟೇ ಬಿಟ್ಟ. ಮೈದಾನದ ಅಂಚಿನಲ್ಲಿ ಶೂಟರುಗಳು ಗುಂಡಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಸರದಿಗೆ ನಿಂತಿದ್ದರು. "ನಿನ್ನೆ ಅವರು ಹೇಳಿದ್ದೇ ಸರಿ! ನಾನೇ ತಪ್ಪು! ಮತ್ತೆ, ನನಗೆ ಅವರಂದ್ರೆ ಪ್ರೀತಿ!" ಎಂದು ಕೂಗಿದ.

ಕಾರ್ಯದರ್ಶಿ ಒಂದು ಕಿವಿ ಬಿಡಿಸಿಕೊಂಡು, "ಏನಂದ್ರಿ ಡಾಕ್ಟ್ರೇ?" ಎಂದರು.

ಅವನು ಇನ್ನೂ ಜೋರಾಗಿ ಕೂಗಿದ. ಬೆಂಚಿನ ಮೇಲೆ ಕೂತಿದ್ದ ಅತ್ತೆ, "ಕೇಳಿಸ್ಲಿಲ್ಲ, ಇನ್ನೊಂದ್ಸಲ!" ಎಂದರು.

ಅವಳು ದಾಪುಗಾಲು ಹಾಕಿ ಬಂದು ಅವನ ಕೈ ಹಿಡಿದು ಎಳೆದಳು. "ಸಾಕು ನಿಲ್ಸಿ, ಮಾನ ಕಳೀತೀರಾ! ನಂಗೇನು ಪ್ರೀತಿ ಇಲ್ವಾ, ನೀವೊಬ್ಬರೇ ಕಿರುಚೋಕೆ?" ಎಂದು ಎಲ್ಲರಿಗೂ ಕೇಳುವಂತೆ ಗದರಿದಳು. ಗದರಿದ ಮೇಲೆ ತಾನೇನು ಹೇಳಿದೆನೆಂದು ಹೊಳೆಯಿತು. ಮುಖ ಕೆಂಡವಾಯಿತು. ಕೈ ಮಾತ್ರ ಬಿಡಲಿಲ್ಲ.