ಡಿಕ್ಕಿಯ ಮೇಲಿನ ಪುಟ್ಟ ಅಂಗೈ

"ನಾನು ಮಾಡಿಲ್ಲ ಅಂತ ಹೇಳೋಕೆ ಬಂದಿಲ್ಲಪ್ಪ," ಎಂದರು ಪಾಲಿಶ್ ತಾತ, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ. "ನಾನೇ ಮಾಡಿದೀನಾ ಅಂತ ಕೇಳೋಕೆ ಬಂದಿದೀನಿ."

ಭಾವ ಆಗ ನಮ್ಮಕ್ಕನ ಕನ್ನಡಕ ಒರೆಸುತ್ತ ಕೂತಿದ್ದರು. ಅಕ್ಕ ಹೋಗಿ ನಾಲ್ಕು ವರ್ಷವಾಗಿತ್ತು. ಅವಳ ಕನ್ನಡಕ ಮಾತ್ರ ದಿನಾ ಬೆಳಿಗ್ಗೆ ಡಬ್ಬಿಯಿಂದ ಹೊರಬಂದು, ಒರೆಸಿಕೊಂಡು, ಮತ್ತೆ ಒಳಗೆ ಹೋಗುತ್ತಿತ್ತು. ಅದರ ಬಗ್ಗೆ ನಾನು ತುಟಿ ಪಿಟಕ್ಕೆಂದರೆ ಮನೆಯಲ್ಲಿ ಎರಡು ದಿನ ಮೌನವ್ರತ.

ನಮ್ಮ ಭಾವ ನಲವತ್ತು ವರ್ಷ ಕನ್ನಡಕದ ಗಾಜು ಉಜ್ಜಿದವರು. ಗಾಜಿನ ಮೇಲಿನ ಕೂದಲೆಳೆಯಂಥ ಗೀರನ್ನು ಬರಿಗಣ್ಣಲ್ಲಿ ಹಿಡಿಯುತ್ತಿದ್ದರು, ಎದುರು ಕೂತವರ ಸುಳ್ಳನ್ನೂ ಅಷ್ಟೇ ಸಲೀಸಾಗಿ ಹಿಡಿಯುತ್ತಿದ್ದರು. ಬೀದಿಯಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ನಾನು ದರ್ಜಿ. ಕೆಳಗೆ ನನ್ನ ಹೊಲಿಗೆ ಅಂಗಡಿ, ಮೇಲೆ ನಮ್ಮಿಬ್ಬರ ಮನೆ. ಭಾವನ ಹಿಂದೆ ಓಡಾಡಿ, ನಡೆದದ್ದನ್ನು ಬರೆದಿಡುವ ಕೂಲಿಯಿಲ್ಲದ ಕೆಲಸವೂ ನನ್ನ ತಲೆಗೇ ಬಂದಿತ್ತು.

ತಾತ ನೀರು ಕುಡಿದು ಸುಧಾರಿಸಿಕೊಂಡು ಹೇಳಿದರು. ಅವರು ತಮ್ಮ ಅಣ್ಣನ ಮಗನ ವರ್ಕ್‌ಶಾಪಿನಲ್ಲಿ ಕಾರುಗಳ ಬಣ್ಣಕ್ಕೆ ಹೊಳಪು ಕೊಡುವವರು. ಮೆಷಿನ್ನಿಗೆ ಫೋಮ್ ಪ್ಯಾಡು ಸಿಕ್ಕಿಸಿ, ಪಾಲಿಶ್ ಹಚ್ಚಿ, ಗೀರು ತೆಗೆಯುವುದು ಕೆಲಸ. ಮೊನ್ನೆ ಒಂದು ಕಪ್ಪು ಕಾರು ಬಂದಿತ್ತು. ಅದರ ಡಿಕ್ಕಿಯ ಮೇಲೆ ಒಂದು ಮಗುವಿನ ಅಂಗೈ ಗುರುತು. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುವಂಥದ್ದು. ಕಾರಿನವರು ಕೈ ಮುಗಿದು ಹೇಳಿದ್ದರಂತೆ: "ಎಲ್ಲಾ ಪಾಲಿಶ್ ಮಾಡಿ, ಇದೊಂದನ್ನ ಮುಟ್ಟಬೇಡಿ."

"ಆವತ್ತು ಬೆಳಿಗ್ಗೆ ಕಾರು ತೊಳೆದೆ. ಡಿಕ್ಕಿ ಮೇಲೆ ಮರದ ಅಂಟು ಬಿದ್ದಿತ್ತು. ಅಂಟು ಕರಗಿಸೋ ಥಿನ್ನರಲ್ಲಿ ನೆನೆಸಿದ ಬಟ್ಟೆ ಹಾಕಿ, ಬಿಟ್ಟು, ಒರೆಸಿದೆ. ಮಧ್ಯಾಹ್ನ ದೀಪ ಹಚ್ಚಿ, ಆ ಗುರುತಿನ ಮೇಲೆ ಟೇಪು ಅಂಟಿಸೋಣ ಅಂತ ನೋಡಿದ್ರೆ ಅಂಗೈಯೇ ಇಲ್ಲ! ಅಷ್ಟೊತ್ತಿಗೆ ಮೆಷಿನ್ನಿಗೆ ಒರಟು ಪ್ಯಾಡು ಹಾಕಿತ್ತು. ನಾನೇ ಉಜ್ಜಿಬಿಟ್ಟು ಮರೆತಿದೀನಿ ಅಂತಾರೆ ಎಲ್ಲರೂ." ಅವರು ನೀರಿನ ಲೋಟ ಕೆಳಗಿಟ್ಟರು. "ಈಚೆಗೆ ಮರೆವು ಜಾಸ್ತಿಯಪ್ಪ. ಮೊನ್ನೆ ಒಲೆ ಹಚ್ಚಿ ಮರೆತೆ. ಹಾಗೇ ಇದೂ ಆಗಿದ್ರೆ? ನನ್ನ ಮೇಲೆ ನನಗೇ ನಂಬಿಕೆ ಹೋದ್ರೆ ಹೇಗಪ್ಪಾ ಬದುಕಲಿ?"

ಭಾವ ಕನ್ನಡಕವನ್ನು ಡಬ್ಬಿಗಿಟ್ಟರು. "ಎದ್ದೇಳಯ್ಯ," ಎಂದರು ನನಗೆ. ಅರ್ಧ ಹೊಲಿದ ಪ್ಯಾಂಟನ್ನು ಹಾಗೇ ಬಿಟ್ಟು ಹೊರಟೆ.

ವರ್ಕ್‌ಶಾಪು ಒಂದು ಉದ್ದನೆಯ ಹಾಲ್. ಗೋಡೆಯ ಮೊಳೆಗಳಲ್ಲಿ ತೊಳೆದ ಪ್ಯಾಡುಗಳು ಸಾಲಾಗಿ ಒಣಗುತ್ತಿದ್ದವು: ಕಿತ್ತಳೆ, ಹಳದಿ, ಬಿಳಿ, ಕಪ್ಪು. ಮಾಲೀಕ ಸಿಡುಕು ಮೋರೆಯವನು. "ನಮ್ಮ ಚಿಕ್ಕಪ್ಪಂಗೆ ವಯಸ್ಸಾಯ್ತು ಸರ್. ನಾಳೆಯಿಂದ ಮನೇಲೇ ಇರ್ಲಿ ಅಂದಿದೀನಿ," ಎಂದ. ಅವನ ಹಿಂದೆ ಗಡ್ಡದ ಕೆಲಸಗಾರ ನೆಲ ನೋಡುತ್ತ ನಿಂತಿದ್ದ. ಒರಟು ಪ್ಯಾಡನ್ನು ಮೆಷಿನ್ನಿಗೆ ಹಾಕಿದ್ದು ತಾನೇ, ಬಾನೆಟ್‌ನಿಂದ ಶುರು ಮಾಡೋಣವೆಂದು ಹಾಕಿಟ್ಟು ಕಾಲು ಗಂಟೆಯಲ್ಲಿ ಊಟ ಮುಗಿಸಿ ಬಂದೆ ಎಂದು ಒಪ್ಪಿಕೊಂಡ. ತಾತ ಹೋದರೆ ತಾತನ ಜಾಗ ಅವನಿಗೇ ಸಿಗುತ್ತಿತ್ತು. ನನ್ನ ಅನುಮಾನ ಆಗಲೇ ಅವನ ಗಡ್ಡಕ್ಕೆ ಅಂಟಿಕೊಂಡಿತು.

ಭಾವ ಮೆಷಿನ್ನಿನ ಮೇಲಿದ್ದ ಪ್ಯಾಡನ್ನು ಮುಟ್ಟಿ ನೋಡಿದರು, ಮೂಸಿದರು. ಡಿಕ್ಕಿಯ ಸಂದುಗಳಲ್ಲಿ ಬೆರಳಾಡಿಸಿದರು. ಆಮೇಲೆ ಭೂತಗನ್ನಡಿ ಹಿಡಿದು, ಗುರುತಿದ್ದ ಜಾಗದ ಮೇಲೆ ಬಾಗಿ, ಹತ್ತು ನಿಮಿಷ ಮೇಲೇಳಲಿಲ್ಲ.

ನಾನು ಸುಮ್ಮನೆ ನಿಲ್ಲಲಾರದೆ ತಾತ ಬಳಸಿದ್ದ ಥಿನ್ನರ್ ಬಟ್ಟೆಯನ್ನು ಎತ್ತಿಕೊಂಡೆ. ಒಣಗಿತ್ತು. ಬಟ್ಟೆ ನನ್ನ ಕಸುಬು, ಕೈಗೆ ಸಿಕ್ಕರೆ ಮಡಿಸಿ ನೋಡದೆ ಬಿಡುವವನಲ್ಲ. "ಭಾವ, ಒಂದು ಮೂಲೆ ಮಾತ್ರ ಗಂಜಿ ಹಾಕಿದ ಹಾಗೆ ಬಿರುಸಾಗಿದೆ. ಹೊಳೀತಾನೂ ಇದೆ," ಎಂದೆ.

"ಮರದ ಅಂಟು ಇರಬಹುದಾ?"

"ಅಂಟಿನ ಕಲೆ ಈ ಕಡೆ ಇದೆ, ಹಳದಿಯಾಗಿ. ಇದಕ್ಕೆ ಬಣ್ಣವೇ ಇಲ್ಲ."

"ಭೇಷ್," ಎಂದರು. ವರ್ಷಕ್ಕೊಮ್ಮೆ ಸಿಗುವ ಬಹುಮಾನ ಅದು.

ಮೂಲೆಯ ಬೆಂಚಿನ ಮೇಲೆ ಕಾರಿನವರು ಕೂತಿದ್ದರು. ಎರಡು ದಿನದಿಂದ ಗಡ್ಡ ತೆಗೆದಿರಲಿಲ್ಲ. ಪಕ್ಕದಲ್ಲಿ ಹೆಂಡತಿ, ಒಂಬತ್ತು ವರ್ಷದ ಮಗಳು. ಭಾವ ಹತ್ತಿರ ಹೋಗಿ ಕೂತಾಗ ಅವರಾಗೇ ಮಾತು ತೆಗೆದರು.

"ಹತ್ತು ವರ್ಷದ ಹಿಂದೆ ಕಾರಿಗೆ ಹೊಸ ಬಣ್ಣ ಹೊಡೆಸಿದ್ದೆ. ಒಣಗೋಕೆ ಬಿಟ್ಟಿದ್ರು. ನಮ್ಮ ದೊಡ್ಡವಳಿಗೆ ಆಗ ಆರು ವರ್ಷ. ಹಸಿ ಬಣ್ಣದ ಮೇಲೆ ಕೈ ಊರಿಬಿಟ್ಟಳು. ನಾನು ಅವಳಿಗೆ ಹೊಡೆದೆ ಸರ್. ಬಣ್ಣ ಹಾಳಾಯ್ತು ಅಂತ. ಎರಡು ತಿಂಗಳಿಗೆ ಜ್ವರ ಬಂತು. ಐದೇ ದಿನ." ಅವರು ಡಿಕ್ಕಿಯ ಕಡೆ ಕೈ ತೋರಿಸಿದರು. "ಆಮೇಲೆ ದಿನಾ ಬೆಳಿಗ್ಗೆ ಅದರ ಮೇಲೆ ಕೈ ಇಟ್ಟೇ ಕೆಲಸಕ್ಕೆ ಹೋಗೋದು. ನಗಬೇಡಿ ಸರ್, ಈಚೆಗೆ ಅವಳ ಕೈ ಬೆಳೀತಿದೆ ಅನ್ನಿಸ್ತಿತ್ತು. ಇದ್ದಿದ್ರೆ ಬೆಳೀತಿತ್ತಲ್ಲ, ಹಾಗೆ."

ನಗುವ ಮಾತೆಲ್ಲಿ ಬಂತು?

"ಕಾರು ನೀವೇ ನೋಡಿಕೊಳ್ತಿದ್ರಾ?" ಭಾವ ಕೇಳಿದರು.

"ಇನ್ಯಾರಿಗೂ ಮುಟ್ಟೋಕೆ ಕೊಡಲ್ಲ. ಪ್ರತಿ ಭಾನುವಾರ ನಾನೇ ಪಾಲಿಶ್ ಹಚ್ತೀನಿ. ಅವಳ ಕೈ ಮಬ್ಬಾಗಬಾರದು ಅಂತ ಅಲ್ಲಿ ಇನ್ನೂ ಎರಡು ಸಲ ಜಾಸ್ತಿ. ಮೆತ್ತಗಿನ ಸ್ಪಂಜಲ್ಲಿ, ಹೂವಿನ ಥರ." ಡಿಕ್ಕಿಯೊಳಗಿನ ಡಬ್ಬಿಯಿಂದ ಒಂದು ಹಳದಿ ಪ್ಯಾಡು ತೆಗೆದು ತೋರಿಸಿದರು. "ಹಳದಿ ಅಂದ್ರೆ ನಯದ್ದು ಅಂತ ಅಂಗಡಿಯವನು ಹೇಳಿದ. ಹತ್ತು ವರ್ಷದಿಂದ ಅದೇ ಥರದ್ದು ತರ್ತೀನಿ."

ಭಾವ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ವಾಪಸು ಕೊಟ್ಟರು.

ಅಷ್ಟು ಹೊತ್ತೂ ಆ ತಾಯಿ ಕಾರಿನ ಕಡೆ ತಿರುಗಿಯೂ ನೋಡಿರಲಿಲ್ಲ. ನಾವು ಏಳುವಾಗ ಮಾತ್ರ, "ಆ ತಾತನ್ನ ಕೆಲಸದಿಂದ ತೆಗೆದುಬಿಡ್ತಾರಾ?" ಎಂದು ಕೇಳಿದರು. ಹುಡುಗಿ ಎಡಗೈಯನ್ನು ಅಂಗಿಯ ಜೇಬಿನೊಳಗೆ ತುರುಕಿಕೊಂಡಳು. ಅವಳ ಅಂಗಿಯ ಗುಂಡಿಗಳು ನನ್ನ ಕಣ್ಣಿಗೆ ಬಿದ್ದವು. ದಾರ ಬಿಚ್ಚದಿರಲೆಂದು ಪ್ರತಿ ಗುಂಡಿಯ ಮೇಲೂ ಬಣ್ಣವಿಲ್ಲದ ಉಗುರುಬಣ್ಣದ ಒಂದೊಂದು ಹನಿ. ನಮ್ಮ ಕಸುಬಿನವರ ಉಪಾಯವದು, ಆ ತಾಯಿ ಎಲ್ಲಿ ಕಲಿತರೋ ಎಂದು ಮೆಚ್ಚಿಕೊಂಡು, ದಾರಿಯಲ್ಲಿ ಭಾವನಿಗೂ ಹೇಳಿದೆ. ಅವರು ನಡುಬೀದಿಯಲ್ಲಿ ನಿಂತುಬಿಟ್ಟರು.

"ಮುಗೀತು ಕಣಯ್ಯ," ಎಂದರು. ಸಂತೋಷವೇ ಇರಲಿಲ್ಲ ಆ ದನಿಯಲ್ಲಿ.

ಸಂಜೆ ಟೀ ಕುಡಿಯುವಾಗ ನನಗೆಲ್ಲ ಬಿಡಿಸಿ ಹೇಳಿದರು. ಪ್ಯಾಡಿನ ಬಣ್ಣಕ್ಕೆ ಕಟ್ಟುಪಾಡಿಲ್ಲ. ಒಂದು ಕಂಪನಿಗೆ ಹಳದಿ ಎಂದರೆ ನಯ, ಇನ್ನೊಂದಕ್ಕೆ ಹಳದಿಯೇ ಒರಟು. ಪಾಲಿಶ್‌ನಲ್ಲಿ ನೆಂದಾಗ ಕೈಗೆ ಎಲ್ಲವೂ ಮೆತ್ತಗೇ. ಕಾರಿನವರ ಹಳದಿ ಪ್ಯಾಡು ಬಣ್ಣ ಕೊರೆಯುವ ಒರಟಿನದು. "ಗುರುತಿದ್ದ ಜಾಗದಲ್ಲಿ ಸಣ್ಣ ಸಣ್ಣ ಸುತ್ತು ಗೀರುಗಳಿವೆ. ಮೆಷಿನ್ನಿನವಲ್ಲ, ಕೈಯವು. ಒಳಗೆ ಹಳೇ ಪಾಲಿಶ್ ಒಣಗಿ ಕೂತಿದೆ. ಮಗಳ ನಿಜವಾದ ಅಂಗೈಯನ್ನ ಅಪ್ಪನೇ ಭಾನುವಾರ ಭಾನುವಾರ ಒರೆಸಿ ಒರೆಸಿ ಅಳಿಸಿಬಿಟ್ಟಿದಾರೆ."

ನಾನು ಟೀ ಲೋಟ ಕೆಳಗಿಟ್ಟೆ.

"ಇದನ್ನ ಹೇಗಯ್ಯಾ ಹೇಳಲಿ?"

"ಹೇಳದಿದ್ರೆ ತಾತ ತನ್ನ ಮೇಲೆ ತಾನೇ ಅನುಮಾನಪಟ್ಟು ಸಾಯ್ತಾರೆ," ಎಂದೆ, ಸಿಟ್ಟಿನಿಂದಲೇ. ಸಿಟ್ಟು ಯಾರ ಮೇಲೆಂದು ನನಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಆ ಕಪ್ಪು ಕಾರಿನ ಸುತ್ತ ಸೇರಿದರು. ತಾತ ಗೋಡೆಗೆ ಒರಗಿ ನಿಂತಿದ್ದರು, ಕೈಗೆ ಕೆಲಸವಿಲ್ಲದೆ.

"ಮೊದಲು ಮೆಷಿನ್ನಿನ ಮಾತು," ಭಾವ ಆರಂಭಿಸಿದರು. "ಪ್ಯಾಡು ಒಣಗಿತ್ತು, ಪಾಲಿಶ್‌ನ ವಾಸನೆ ಕೂಡ ಇರಲಿಲ್ಲ. ಮೆಷಿನ್ ಓಡಿದ್ರೆ ಡಿಕ್ಕಿಯ ಸಂದಿನಲ್ಲಿ ಬಿಳಿ ಹನಿ ಸಿಡಿದಿರಬೇಕು. ಒಂದೂ ಇಲ್ಲ. ಅಂದ್ರೆ ಮೆಷಿನ್ ಡಿಕ್ಕಿ ಹತ್ತಿರಾನೇ ಬಂದಿಲ್ಲ. ಇನ್ನು ಈ ಗಡ್ಡದಪ್ಪ. ಕಾಲು ಗಂಟೆಯಲ್ಲಿ ಊಟಾನೂ ಮಾಡಿ, ಗಟ್ಟಿ ಬಣ್ಣದ ಗುರುತನ್ನ ಕೈಯಲ್ಲಿ ಉಜ್ಜಿ ಅಳಿಸೋದು ಯಾರಿಂದಲೂ ಆಗಲ್ಲ."

ಗಡ್ಡದವನು ನನ್ನತ್ತ ನೋಡಿದ. ನಾನು ಪ್ಯಾಡುಗಳನ್ನು ಎಣಿಸತೊಡಗಿದೆ.

"ಉಳಿದದ್ದು ಥಿನ್ನರ್ ಬಟ್ಟೆ." ಭಾವ ಒಂದು ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ, ಡಿಕ್ಕಿಯ ಅಂಚನ್ನು ಜೋರಾಗಿ ಒರೆಸಿದರು. ಬಣ್ಣ ಹಾಗೇ ಇತ್ತು. "ಹತ್ತು ವರ್ಷ ಗಟ್ಟಿಯಾದ ಬಣ್ಣ ಇದಕ್ಕೆ ಜಗ್ಗಲ್ಲ. ಆದರೂ ತಾತ ಒರೆಸಿದಾಗ ಅಂಗೈ ಹೋಯ್ತು. ಹಾಗಾದ್ರೆ ಅಲ್ಲಿದ್ದದ್ದು ಕಾರಿನ ಬಣ್ಣ ಅಲ್ಲ, ಅದರ ಮೇಲೆ ಕೂತಿದ್ದ ಇನ್ನೇನೋ. ಥಿನ್ನರಲ್ಲಿ ಕರಗಿ, ಬಟ್ಟೆಯಲ್ಲಿ ಬಿರುಸಾಗಿ ಒಣಗೋ, ಬಣ್ಣವಿಲ್ಲದ ವಸ್ತು." ಅವರು ಕಾರಿನವರ ಕಡೆ ತಿರುಗಿದರು. "ಅವಳ ಕೈ ಬೆಳೀತಿತ್ತು ಅಂದ್ರಲ್ಲ. ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ. ನಿಜವಾಗ್ಲೂ ಬೆಳೀತಿತ್ತು."

ಅಷ್ಟು ಹೇಳಿ ಭಾವ ನಿಲ್ಲಿಸಿದರು. ತಾಯಿಯ ಕಡೆ ನೋಡಲೂ ಇಲ್ಲ. ಆಕೆಯೇ ಒಂದು ಹೆಜ್ಜೆ ಮುಂದೆ ಬಂದರು.

"ಉಗುರುಬಣ್ಣ," ಎಂದರು ಗಂಡನ ಕಡೆ ತಿರುಗಿ. "ಮೂರು ವರ್ಷದ ಹಿಂದೆ ನೋಡ್ತೀನಿ, ಹೆಬ್ಬೆರಳು ಇಲ್ಲ. ತಿಂಗಳು ಕಳೆಯೋದರಲ್ಲಿ ಕಿರುಬೆರಳೂ ಇಲ್ಲ. ನಿಮಗೆ ಗೊತ್ತಾದ್ರೆ ಉಳೀತಿರಲಿಲ್ಲ ನೀವು. ಚಿಕ್ಕವಳಿಗೆ ಆಗ ಸರಿಯಾಗಿ ಆರು ವರ್ಷ. ಅವಳ ಕೈಗೆ ಬಣ್ಣ ಸವರಿ ಒತ್ತಿಸಿದೆ. ಮಾಸಿದಾಗೆಲ್ಲ ಮತ್ತೆ ಒತ್ತಿಸಿದೆ. ಕಳೆದ ಸಲ ಬೆರಳು ಉದ್ದ ಬಂತು. ಇನ್ನು ಎಷ್ಟು ದಿನ ಅಂತ ಎದೆ ಹೊಡ್ಕೊಳ್ತಿತ್ತು." ಆಕೆ ತಾತನ ಕಡೆ ತಿರುಗಿ ಕೈ ಮುಗಿದರು. "ತಪ್ಪಾಯ್ತು ತಾತ. ನಿಮ್ಮ ಮೇಲೆ ಬರುತ್ತೆ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ."

ಹುಡುಗಿ ಜೇಬಿನಿಂದ ಎಡಗೈ ಹೊರಗೆ ತೆಗೆದಳು.

"ಅಪ್ಪಾ, ನೀವು ದಿನಾ ಬೆಳಿಗ್ಗೆ ಅದರ ಮೇಲೆ ಕೈ ಇಡ್ತಿದ್ರಲ್ಲ, ನಾನು ಕಿಟಕಿಯಿಂದ ನೋಡ್ತಿದ್ದೆ. ಅಕ್ಕನ ಕೈ ಅಲ್ಲ ಅದು. ನನ್ನ ಕೈ."

ಆ ಮನುಷ್ಯ ಅವಳ ಕಡೆ ತಿರುಗಿದರು. ಒಂಬತ್ತು ವರ್ಷ ಮನೆಯಲ್ಲೇ ಇದ್ದ ಮಗುವನ್ನು ಆವತ್ತೇ ಮೊದಲ ಸಲ ಕಂಡವರಂತೆ ನೋಡಿದರು. ನೆಲಕ್ಕೆ ಕುಸಿದು ಕೂತು, ಅವಳ ಅಂಗೈಯನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದುಕೊಂಡು ಅತ್ತರು. ಸಿಡುಕು ಮೋರೆಯ ಮಾಲೀಕ ಕೂಡ ಮುಖ ಆ ಕಡೆ ತಿರುಗಿಸಿದ.

ಸ್ವಲ್ಪ ಹೊತ್ತಿನ ಮೇಲೆ ಕಾರಿನವರು ಎದ್ದರು. ಡಬ್ಬಿಯಿಂದ ಹಳದಿ ಪ್ಯಾಡು ತೆಗೆದು ತಾತನ ಮುಂದೆ ಹಿಡಿದರು.

"ದೊಡ್ಡವಳದ್ದು ಹೇಗೆ ಹೋಯ್ತು ತಾತ? ನಾನೇ ಅಳಿಸಿದ್ನಾ?"

ತಾತ ಪ್ಯಾಡನ್ನು ಹೆಬ್ಬೆರಳಿನಿಂದ ಒತ್ತಿದರು. ನೂರಾರು ಪ್ಯಾಡು ಸವೆಸಿದ ಬೆರಳು ಅದು, ಒತ್ತಿದ ಕೂಡಲೇ ತಿಳಿದಿರಬೇಕು. ಮಾಲೀಕನಿಗೂ, ಗಡ್ಡದವನಿಗೂ ಅದನ್ನು ಕಂಡ ಕೂಡಲೇ ಗೊತ್ತಾಗಿತ್ತು. ಯಾರೂ ಉಸಿರೆತ್ತಲಿಲ್ಲ.

"ಇಲ್ಲಪ್ಪ," ಎಂದರು ತಾತ. "ಇದು ನಯದ್ದೇ. ಹತ್ತು ವರ್ಷ ಬಿಸಿಲು, ಧೂಳು. ಬಣ್ಣ ತಾನಾಗೇ ಇಳಿದುಹೋಗುತ್ತೆ. ನೀವು ಒರೆಸಿದ್ದಕ್ಕೇ ಅಷ್ಟು ದಿನ ಉಳೀತು."

ಕಾರಿನವರು ಭಾವನ ಮುಖ ನೋಡಿದರು. ಸುಳ್ಳು ಹಿಡಿಯುವುದರಲ್ಲಿ ಹೆಸರಾದ ನಮ್ಮ ಭಾವ, "ತಾತ ಹೇಳಿದ ಮೇಲೆ ಮುಗೀತು. ಅವರಿಗಿಂತ ಚೆನ್ನಾಗಿ ಪ್ಯಾಡು ಬಲ್ಲವರು ಈ ಊರಲ್ಲಿಲ್ಲ," ಎಂದರು. ಮಾಲೀಕ ತಲೆಯಾಡಿಸಿ, ಮೊಳೆಯಿಂದ ತಾತನ ಏಪ್ರನ್ ತೆಗೆದು ಅವರ ಕೈಗೆ ಕೊಟ್ಟ. ಹಳದಿ ಪ್ಯಾಡು ತಾತನ ಜೇಬಿಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಭಾವ ಕನ್ನಡಕದ ಡಬ್ಬಿ ತೆಗೆದರು. ಆವತ್ತು ಬೆಳಿಗ್ಗೆ ಒರೆಸುವುದು ತಪ್ಪಿತ್ತು. ಕೈಯಲ್ಲಿ ಬಟ್ಟೆ ಹಿಡಿದರು, ಒರೆಸಲಿಲ್ಲ.

"ನಿಮ್ಮಕ್ಕ ಹೋದ ದಿನ ಗಾಜಿನ ಮೇಲೆ ಅವಳ ಬೆರಳಚ್ಚು ಇತ್ತು ಕಣಯ್ಯ," ಎಂದರು. "ಮರುದಿನ ಒರೆಸಿಬಿಟ್ಟೆ. ಅಭ್ಯಾಸ ಬಲ. ನಾಲ್ಕು ವರ್ಷದಿಂದ ಒರೆಸ್ತಿರೋದೆಲ್ಲ ನನ್ನ ಬೆರಳಚ್ಚನ್ನೇ."

"ಏನೂ ಇರಲಿಲ್ಲ ಭಾವ," ಎಂದೆ. "ಹಿಂದಿನ ದಿನಾನೇ ಅಕ್ಕ ತನ್ನ ಸೆರಗಲ್ಲಿ ಒರೆಸಿಟ್ಟಿದ್ಲು. ನಾನೇ ನೋಡಿದ್ದೆ."

ಅವರು ಕತ್ತೆತ್ತಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟು, "ಹೌದಾ? ಹಾಗಾದ್ರೆ ಸರಿ," ಎಂದರು.