ಮದ್ದು ಸಿಡಿದ ಮೇಲಿನ ಗಳಿಗೆ

ಆ ಗುತ್ತೇದಾರನ ನೆನಪಾದರೆ ಈಗಲೂ ಮೈ ಉರಿಯುತ್ತದೆ. ೧೯೪೧ರಲ್ಲಿ ಹವಳಗಾದ ಹತ್ತಿರ ಬಾವಿ ತೋಡಲು ಮದ್ದು ಸಿಡಿಸುತ್ತಿದ್ದೆವು. ಮೊದಲನೆಯದು ಸಿಡಿದೊಡನೆ ಗೆಳೆಯ ಪೀರಪ್ಪ, ಬಿಟ್ಟುಬಂದ ಹಾರೆ ತರಲು, ನಮಗೆ ತಿಳಿಯದಂತೆ ಕೆಳಗಿಳಿದಿದ್ದ.

"ಒಳಗ ಯಾರೂ ಕೂಗವಲ್ರು. ಎರಡನೇದು ಹಚ್ಚೋ," ಎಂದ ಗುತ್ತೇದಾರ.

"ಕಿವಿ ಗುಂಯ್ ಅನ್ನಾಕತ್ತಾವ್ರಿ, ಕೂಗಿದ್ರೂ ಕೇಳಂಗಿಲ್ಲ. ಚೂರು ತಡೀರಿ," ಎಂದೆ.

ತಡೆಯದೆ ಅವನೇ ಬತ್ತಿ ಹಚ್ಚಿದ. ಪೀರಪ್ಪ ಸತ್ತ.

ವಾರದ ನಂತರ, ಮಟಮಟ ಮಧ್ಯಾಹ್ನ, ಮತ್ತೆ ಮದ್ದು ಸಿಡಿಸಿದೆವು. ಕಿವಿ ಮುಚ್ಚಿಹೋದ ಆ ಗಳಿಗೆಯಲ್ಲಿ ಪಕ್ಕದವರ ಮಾತೂ ಕೇಳಲಿಲ್ಲ. ಪೀರಪ್ಪನ ದನಿ ಮಾತ್ರ ಸ್ಪಷ್ಟವಾಗಿ ಕೇಳಿತು: "ನಾ ಕೆಳಗದೀನ್ರಿ." ಕಿವಿ ತೆರೆಯುತ್ತಲೇ ಅದು ನಿಂತಿತು.

ಮರುದಿನವೂ ಹಾಗೇ ಆಯಿತು. ಕಿವಿ ತೆರೆಯುವ ಮೊದಲೇ ಸಿಟ್ಟಿನಿಂದ ಗುತ್ತೇದಾರನ ಅಂಗಿ ಹಿಡಿದು ಮುಖದೆದುರೇ ಕಿರುಚಿದೆ. ನಾನು ಕಿರುಚಿದ್ದು ಅವನಿಗೆ ಕೇಳಲಿಲ್ಲ. ಬಾವಿಯ ಕಡೆ ತಿರುಗಿ, "ಒಳಗ ಯಾರದಾರಲೇ?" ಎಂದದ್ದು ಅವನ ತುಟಿಯಿಂದಲೇ ತಿಳಿಯಿತು.